ಎಡೆದೊರೆನಾಡಿನ ದಾರಿಯಲ್ಲಿ ಸವಾರನ ಪಾದ

ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ನಡುವೆ ರಾಯಚೂರಿನ ಸೀಮೆ. ಎರಡು ತೊರೆಗಳ ಎಡೆಯಲ್ಲಿರುವ ಈ ನೆಲವನ್ನು ಹಳೆಯ ಶಾಸನಗಳು ‘ಎಡೆದೊರೆ’ ಎಂದು ಕರೆದಿವೆ. ಕಣ್ಣು ಹಾಯುವವರೆಗೂ ಎರೆಹೊಲ, ಅಲ್ಲಲ್ಲಿ ಆನೆಗಳು ಮಲಗಿದಂತೆ ತೋರುವ ಕಲ್ಲುಗುಡ್ಡ, ಹತ್ತಿ, ತೊಗರಿ, ಜೋಳ, ಕಾಲುವೆಯ ನೀರು ಬಂದ ಕಡೆ ಭತ್ತ. ಇಂಥ ಬಯಲಿನಲ್ಲಿ ರಸ್ತೆ ಹಾಕುವವನಿಗೆ ಅದನ್ನು ಬಳಸಿ ಒಯ್ಯುವ ಕಾರಣವೇ ಹೆಚ್ಚಾಗಿ ಇರುವುದಿಲ್ಲ. ಆದುದರಿಂದ ಇಲ್ಲಿಯ ರಸ್ತೆಗಳು ಬಹುಮಟ್ಟಿಗೆ ನೇರ. ಬಿಸಿಲಿನಲ್ಲಿ ಕರಿಯ ಪಟ್ಟಿಯಂತೆ ಚಾಚಿ, ಕೊನೆಯಲ್ಲಿ ಬಿಸಿಲ್ಗುದುರೆಯೊಳಗೆ ಕರಗಿಹೋಗುತ್ತವೆ.

ಮೋಟಾರ್ ಸೈಕಲ್ಲಿನ ಸವಾರನಿಗೆ ಇದಕ್ಕಿಂತ ಸುಖದ ದಾರಿ ಬೇರೆ ಇಲ್ಲವೆಂದು ತೋರಬಹುದು. ಅಪಾಯವಿರುವುದೂ ಆ ಸುಖದಲ್ಲಿಯೇ. ಆಗುಂಬೆಯ ಘಟ್ಟವನ್ನು ಇಳಿಯುವವನು ಒಂದಾದಮೇಲೊಂದು ಹದಿನಾಲ್ಕು ಹಿಮ್ಮುರಿ ತಿರುವುಗಳನ್ನು ಎದುರಿಸಬೇಕು. ಮೊದಲನೆಯದರಲ್ಲೇ ಅವನ ಕೈಕಾಲು ಎಚ್ಚರಗೊಂಡಿರುತ್ತವೆ. ರಾಯಚೂರಿನ ಸವಾರನಿಗೆ ಹತ್ತು ಕಿಲೋಮೀಟರು ನೇರ ದಾರಿ ಸಾಗಿದಮೇಲೆ, ಒಂದು ಹಳ್ಳದ ಸೇತುವೆಯ ಬಳಿಯಲ್ಲೋ ಕಾಲುವೆಯ ಏರಿಯ ಮಗ್ಗುಲಲ್ಲೋ, ಒಂದೇ ಒಂದು ತಿರುವು ಬರುತ್ತದೆ. ಅಷ್ಟರಲ್ಲಿ ಅವನ ಪಾದಗಳು ನಿದ್ದೆಹೋಗಿರುತ್ತವೆ. ಒಂದು ಪಾದದ ಹಿಮ್ಮಡಿ ಮಾತ್ರ ಫುಟ್‌ರೆಸ್ಟಿನ ಮೇಲೆ. ಇನ್ನೊಂದರ ಬೆರಳು ಹೊರಕ್ಕೆ ಚಾಚಿ ಗಾಳಿಗೆ ತೂಗಾಡುತ್ತಿರುತ್ತದೆ. ತಿರುವನ್ನು ಕಣ್ಣಿನಿಂದಲೂ ಕೈಯಿಂದಲೂ ದಾಟುವೆನೆಂದು ಸವಾರ ಬಗೆಯುತ್ತಾನೆ. ದಾಟಿಸಬೇಕಾದ ಮೂರನೆಯ ಅಂಗ ಪಾದ ಎಂಬುದು ನೆನಪಾಗುವ ಹೊತ್ತಿಗೆ ಬಹಳ ಸಲ ಕಾಲ ಮಿಂಚಿರುತ್ತದೆ.

ಕೋಟೆಯ ಊರು

ರಾಯಚೂರು ನಗರವನ್ನು ಬಿಡುವ ಮುನ್ನ ಅಲ್ಲಿಯ ಕೋಟೆಯ ಗೋಡೆಯಲ್ಲಿರುವ ಒಂದು ಕಲ್ಲನ್ನು ನೋಡಬೇಕು. ಕಾಕತೀಯರ ಅಧಿಕಾರಿ ಗೋರೆ ಗಂಗಯ್ಯ ರೆಡ್ಡಿ 1294ರಲ್ಲಿ ಈ ಕೋಟೆಯನ್ನು ಕಟ್ಟಿಸಿದನೆಂದು ಅದರ ಮೇಲಿನ ಬರಹ ಸಾರುತ್ತದೆ. ಕಲ್ಲಿನ ಉದ್ದ ಸುಮಾರು 41 ಅಡಿ. ಅದನ್ನು ಇಲ್ಲಿಗೆ ತಂದ ಬಗೆಯನ್ನೂ ಶಿಲ್ಪಿ ಗೋಡೆಯ ಮೇಲೆ ಕೆತ್ತಿಟ್ಟಿದ್ದಾನೆ. ಗಾಲಿಗಳ ಬಂಡಿ, ಅದರ ಮೇಲೆ ಕಲ್ಲು, ಮುಂದೆ ಕೋಣಗಳ ಉದ್ದನೆಯ ಸಾಲು. ಅಷ್ಟು ದೊಡ್ಡ ಭಾರವನ್ನು ನೇರ ದಾರಿಯಲ್ಲಿ ಎಳೆಯುವುದು ಒಂದು ಕಷ್ಟ. ದಾರಿ ಹೊರಳುವಲ್ಲಿ ಹೊರಳಿಸುವುದು ಇನ್ನೊಂದು ಕಷ್ಟ. ನೇರವಾಗಿ ಸಾಗುವ ಭಾರ ನೇರವಾಗಿಯೇ ಸಾಗಬಯಸುತ್ತದೆ ಎಂಬ ನಿಯಮ ಏಳುನೂರು ವರ್ಷಗಳ ಹಿಂದಿನ ಬಂಡಿಗೂ ಒಂದೇ, ಇಂದಿನ ಮೋಟಾರ್ ಸೈಕಲ್ಲಿಗೂ ಒಂದೇ.

ಕೋಟೆಯ ಹೊರಗೆ ಊರು ಹರಡಿದೆ. ಮುಂಬಯಿಯ ಕಡೆಯಿಂದ ಬಂದ ರೈಲುಹಾದಿಯೂ ಮದರಾಸಿನ ಕಡೆಯಿಂದ ಬಂದ ರೈಲುಹಾದಿಯೂ 1871ರಲ್ಲಿ ಕೂಡಿದ್ದು ಇಲ್ಲಿಯೇ. ಹತ್ತಿಯ ವ್ಯಾಪಾರ ಬೆಳೆಯಿತು, ಗಂಜ್ ಬೆಳೆಯಿತು. ಇಂದು ತೀನ್ ಕಂದಿಲ್ ವೃತ್ತದಲ್ಲಿ ಸಂಜೆಯ ಹೊತ್ತು ನಿಂತರೆ ಆಟೋರಿಕ್ಷಾ, ತಳ್ಳುಗಾಡಿ, ದನ, ಸ್ಕೂಟರುಗಳ ನಡುವೆ ನುಸುಳುವ ಮೋಟಾರ್ ಸೈಕಲ್ಲುಗಳನ್ನು ಎಣಿಸಿ ಮುಗಿಯದು. ಅವುಗಳಲ್ಲಿ ಕೆಲವು ಮುಂದಕ್ಕೆ ಬಾಗಿ, ಹಿಂಭಾಗವನ್ನು ಮೇಲಕ್ಕೆತ್ತಿ, ಹಾರಲು ಸಿದ್ಧವಾದ ಮಿಡತೆಯಂತೆ ಕಾಣುತ್ತವೆ. ಇವೇ ಸ್ಪೋರ್ಟ್ಸ್ ಬೈಕುಗಳು.

ಎರಡು ಕಾಲು, ಎರಡು ಕೆಲಸ

ಕರ್ನಾಟಕದ ಹಳೆಯ ಸವಾರರ ಕಾಲುಗಳು ಬೇರೆ ಪಾಠ ಕಲಿತವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ವಾಹನಗಳನ್ನು ಹೊರತರತೊಡಗಿ 1996ರವರೆಗೆ ನಡೆಯಿತು. ಮೊದಲು ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನಲ್ಲಿ ಬಂದ ಆ ವಾಹನಗಳಲ್ಲಿ ಒದ್ದು ಚಾಲೂ ಮಾಡುವ ಕೋಲೇ ಗೇರು ಬದಲಿಸುವ ಕೋಲೂ ಆಗಿತ್ತು. ಅದು ಎಡಗಾಲಿನ ಸೊತ್ತು. ಮದರಾಸಿನಿಂದ ಬಂದ ಬುಲೆಟ್ಟಿನಲ್ಲಾದರೋ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಒಂದನ್ನು ಬಿಟ್ಟು ಇನ್ನೊಂದನ್ನು ಏರಿದ ಸವಾರ ಅವಸರದಲ್ಲಿ ಬ್ರೇಕೆಂದು ಗೇರನ್ನು ಒತ್ತಿದ ಪ್ರಸಂಗಗಳು ಆ ಕಾಲದ ಗ್ಯಾರೇಜುಗಳ ನಿತ್ಯದ ಮಾತು. ಬುಲೆಟ್ಟಿನ ಗೇರೂ ಈ ಶತಮಾನದ ಮೊದಲ ದಶಕದಲ್ಲಿ ಎಡಕ್ಕೆ ಬಂದಿತು. ಈಗ ಎಲ್ಲ ಕಡೆಯೂ ಎಡಗಾಲಿಗೆ ಗೇರು, ಬಲಗಾಲಿಗೆ ಹಿಂಗಾಲಿಯ ಬ್ರೇಕು.

ಆ ಹಳೆಯ ವಾಹನಗಳಲ್ಲಿ ಸವಾರ ಕುರ್ಚಿಯಲ್ಲಿ ಕುಳಿತಂತೆ ನೆಟ್ಟಗೆ ಕೂಡುತ್ತಿದ್ದ. ಫುಟ್‌ರೆಸ್ಟು ಮೊಣಕಾಲಿನ ನೇರ ಕೆಳಗೋ ತುಸು ಮುಂದೆಯೋ ಇರುತ್ತಿತ್ತು. 2008ರಲ್ಲಿ ಯಮಹಾದ ಆರ್15, 2012ರಲ್ಲಿ ಕೆಟಿಎಂನ ಡ್ಯೂಕ್ ಭಾರತಕ್ಕೆ ಬಂದಮೇಲೆ ಸಣ್ಣ ಊರುಗಳ ತರುಣರ ಕೈಗೂ ಬೇರೊಂದು ಬಗೆಯ ವಾಹನ ಎಟುಕಿತು. ಆರ್15ರಂಥ ವಾಹನದಲ್ಲಿ ಫುಟ್‌ರೆಸ್ಟು ಎತ್ತರದಲ್ಲಿದೆ, ಹಿಂದಕ್ಕೆ ಸರಿದಿದೆ. ಮೊಣಕಾಲು ಮಡಿಚಿ ಟ್ಯಾಂಕನ್ನು ಅಪ್ಪುತ್ತದೆ. ಹೀಗೇಕೆ ಮಾಡಿದರು? ತಿರುವಿನಲ್ಲಿ ವಾಹನ ವಾಲಿದಾಗ ಫುಟ್‌ರೆಸ್ಟು ನೆಲಕ್ಕೆ ತಾಗಬಾರದೆಂದು. ಆದರೆ ಫುಟ್‌ರೆಸ್ಟನ್ನು ಎತ್ತಿದ ಶಿಲ್ಪಿ ಸವಾರನ ಬೆರಳನ್ನು ಎತ್ತಲಾರ. ಅದು ಸವಾರನದೇ ಕೆಲಸ.

ವಾಲುವಿಕೆಯ ಲೆಕ್ಕ

ರಾಯಚೂರಿನಿಂದ ಪಡುವಣಕ್ಕೆ ಹೊರಟ ದಾರಿ ಕಲ್ಮಲಾವನ್ನು ಹಾದು ಕವಲೊಡೆದು, ಒಂದು ಕವಲು ಗಬ್ಬೂರಿನ ಮೂಲಕ ದೇವದುರ್ಗದ ಕಡೆಗೆ ಸಾಗುತ್ತದೆ. ಗಬ್ಬೂರು ಹಳೆಯ ಗುಡಿಗಳ, ಶಾಸನಗಳ ಊರು. ನಿಂತು ನೋಡುವವನಿಗೆ ಅರ್ಧ ದಿನವೂ ಸಾಲದು. ನಿಲ್ಲದೆ ಹೋಗುವವನಿಗೆ ಅದು ರಸ್ತೆ ಕಿರಿದಾಗಿ ಮನೆಗಳ ನಡುವೆ ಹೊರಳುವ ಒಂದು ಜಾಗ ಮಾತ್ರ.

ಹೊರಳುವಲ್ಲಿ ಮೋಟಾರ್ ಸೈಕಲ್ಲು ಕಾರಿನಂತೆ ನೆಟ್ಟಗೆ ನಿಂತು ಹೊರಳಲಾರದು. ತಿರುವಿನ ಒಳಮಗ್ಗುಲಿಗೆ ವಾಲಲೇಬೇಕು. ಎಷ್ಟು ವಾಲಬೇಕೆಂಬುದು ವೇಗಕ್ಕೂ ತಿರುವಿನ ಬಿಗುವಿಗೂ ಸಂಬಂಧಪಟ್ಟದ್ದು. 50 ಮೀಟರ್ ತ್ರಿಜ್ಯದ ತಿರುವೊಂದನ್ನು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ದಾಟಲು ಸುಮಾರು 14 ಡಿಗ್ರಿ ವಾಲಿದರೆ ಸಾಕು. ವೇಗ 60 ಆದರೆ ಸುಮಾರು 30 ಡಿಗ್ರಿ ಬೇಕು. 80 ಆದರೆ 45 ಡಿಗ್ರಿ! ವೇಗ ಇಮ್ಮಡಿಯಾದರೆ ಹೊರಕ್ಕೆ ಎಳೆಯುವ ಬಲ ನಾಲ್ಮಡಿಯಾಗುತ್ತದೆ ಎಂಬುದೇ ಇದರ ಗುಟ್ಟು. 14 ಡಿಗ್ರಿಯಲ್ಲಿ ಸವಾರನ ಪಾದ ಹೇಗಿದ್ದರೂ ನಡೆದೀತು. 30 ಡಿಗ್ರಿ ದಾಟಿದರೆ ಹೊರಚಾಚಿದ ಬೆರಳಿಗೂ ನೆಲಕ್ಕೂ ನಡುವೆ ಉಳಿಯುವ ಅಂತರ ಅತ್ಯಲ್ಪ. ನೆಲಕ್ಕೆ ತಾಗಿದ ಬೆರಳನ್ನು ರಸ್ತೆ ಹಿಂದಕ್ಕೆ ಸೆಳೆಯುತ್ತದೆ. ಪಾದ ಫುಟ್‌ರೆಸ್ಟಿನಿಂದ ಕಳಚುತ್ತದೆ. ಬೆಚ್ಚಿದ ಸವಾರ ಹ್ಯಾಂಡಲ್ಲನ್ನು ಎಳೆಯುತ್ತಾನೆ ಇಲ್ಲವೆ ಬ್ರೇಕು ಹಿಡಿಯುತ್ತಾನೆ. ಗಾಯ ಬೆರಳಿಗೆ ಮಾತ್ರ ಆಗಿ ಮುಗಿದರೆ ಪುಣ್ಯ.

ಪಾದವಿಡುವ ಕ್ರಮ

ಹಾಗಾದರೆ ಪಾದ ಇರಬೇಕಾದ ಬಗೆ ಯಾವುದು? ಅನುಭವಿಗಳೆಲ್ಲ ಒಪ್ಪುವ ಕ್ರಮ ಸರಳವಾದದ್ದು.

ತಿರುವು ಕಣ್ಣಿಗೆ ಬಿದ್ದೊಡನೆ, ವಾಹನ ಇನ್ನೂ ನೆಟ್ಟಗಿರುವಾಗಲೇ, ಬ್ರೇಕಿನ ಕೆಲಸವೂ ಗೇರಿನ ಕೆಲಸವೂ ಮುಗಿಯಬೇಕು. ಮುಗಿದ ಮರುಗಳಿಗೆ ಎರಡೂ ಪಾದಗಳನ್ನು ಹಿಂದಕ್ಕೆ ಸೆಳೆದು, ಬೆರಳುಗಳ ಬುಡದ ದಪ್ಪಭಾಗವನ್ನು ಫುಟ್‌ರೆಸ್ಟಿನ ಮೇಲಿಡಬೇಕು. ಬೆರಳು ಮುಂದಕ್ಕೆ ನೋಡಲಿ, ಹೊರಕ್ಕಲ್ಲ. ಹಿಮ್ಮಡಿ ವಾಹನದ ಮೈಗೆ ಒತ್ತಿಕೊಂಡಿರಲಿ. ಸ್ಪೋರ್ಟ್ಸ್ ಬೈಕಿನಲ್ಲಿ ಅದಕ್ಕೆಂದೇ ಒಂದು ತಗಡು ಇರುತ್ತದೆ. ಬಾವಿಯ ಮೆಟ್ಟಿಲಿಳಿಯುವವನು ಅಂಗಾಲನ್ನು ಪೂರ್ತಿ ಊರದೆ ಮುಂಗಾಲಿನಿಂದ ಮೆಟ್ಟಿಲನ್ನು ಹಿಡಿಯುವಂತೆಯೇ ಇದು.

ಒಳಪಾದದ ಕೆಲಸ ಸಂಕೋಚ. ಅದು ಚಿಕ್ಕದಾಗಬೇಕು, ಒಳಗೆ ಅಡಗಬೇಕು. ಎಡತಿರುವಿನಲ್ಲಿ ಎಡಪಾದದ ಬೆರಳು ಗೇರಿನ ಕೋಲಿನ ಕೆಳಗೆ ಸಿಕ್ಕಿಕೊಂಡಿದ್ದರೆ ಎರಡು ತೊಂದರೆ: ಬೆರಳು ನೆಲಕ್ಕೆ ಹತ್ತಿರವಾಗುತ್ತದೆ, ಒಂದು ಕುಲುಕಿಗೆ ಗೇರು ತಾನಾಗಿ ಬದಲಾಗುತ್ತದೆ. ಬಲತಿರುವಿನಲ್ಲಿ ಬಲಪಾದ ಬ್ರೇಕಿನ ಮೇಲೆಯೇ ಉಳಿದಿದ್ದರೆ ವಾಲಿದ ಸವಾರನ ಭಾರವೇ ಬ್ರೇಕನ್ನು ಅದುಮಬಹುದು. ವಾಲಿರುವಾಗ ಹಿಂಗಾಲಿ ಕಟ್ಟಿಬಿದ್ದರೆ ವಾಹನದ ಬಾಲ ಹೊರಕ್ಕೆ ಜಾರುತ್ತದೆ. 125 ಸಿ.ಸಿ.ಗಿಂತ ದೊಡ್ಡ ಎಂಜಿನ್ನಿನ ಹೊಸ ವಾಹನಗಳಲ್ಲಿ ಗಾಲಿ ಕಟ್ಟಿಬೀಳದಂತೆ ತಡೆಯುವ ಎಬಿಎಸ್ ವ್ಯವಸ್ಥೆ 2019ರ ಏಪ್ರಿಲಿನಿಂದ ಕಡ್ಡಾಯವಾಗಿದೆ, ನಿಜ. ಆದರೆ ಎಷ್ಟೋ ವಾಹನಗಳಲ್ಲಿ ಅದು ಮುಂಗಾಲಿಗೆ ಮಾತ್ರ ಇರುತ್ತದೆ.

ಹೊರಪಾದದ ಕೆಲಸ ಆಧಾರ. ಅದು ಫುಟ್‌ರೆಸ್ಟನ್ನು ಬಲವಾಗಿ ಒತ್ತಬೇಕು. ಆ ಒತ್ತಡದಿಂದ ಹೊರಮಗ್ಗುಲ ಮೊಣಕಾಲು ಟ್ಯಾಂಕಿಗೆ ಬಿಗಿಯಾಗುತ್ತದೆ. ಸವಾರನ ಮೈಭಾರವನ್ನು ಕಾಲು ಹೊತ್ತಾಗ ತೋಳುಗಳು ಹಗುರವಾಗುತ್ತವೆ. ತೋಳು ಹಗುರವಾದವನ ಹ್ಯಾಂಡಲ್ಲು ಗುಂಡಿಯಲ್ಲಿ ಕುಲುಕಿದರೂ ತಾನಾಗಿ ನೇರಕ್ಕೆ ಬರುತ್ತದೆ. ತೋಳಿನಿಂದ ನೇತಾಡುವವನ ಹ್ಯಾಂಡಲ್ಲು ಅವನ ಭಯವನ್ನೆಲ್ಲ ಮುಂಗಾಲಿಗೆ ಮುಟ್ಟಿಸುತ್ತದೆ. ಪಾದದ ಒತ್ತಡವೇ ವಾಹನವನ್ನು ತಿರುಗಿಸುತ್ತದೆ ಎಂದು ಕೆಲವರು ನಂಬುವುದುಂಟು. ಅದು ಪೂರ್ತಿ ನಿಜವಲ್ಲ. ತಿರುಗಿಸುವುದು ಹ್ಯಾಂಡಲ್ಲೇ: ಎಡಕ್ಕೆ ಹೊರಳಬೇಕಾದರೆ ಎಡಗೈಯಿಂದ ಹ್ಯಾಂಡಲ್ಲನ್ನು ಮೆಲ್ಲಗೆ ಮುಂದಕ್ಕೆ ಒತ್ತಬೇಕು, ವಾಹನ ಎಡಕ್ಕೆ ವಾಲುತ್ತದೆ. ಪಾದ ಮಾಡುವ ಉಪಕಾರ ಬೇರೆ. ಕೈಗೆ ಆ ಸೂಕ್ಷ್ಮ ಕೆಲಸ ಮಾಡಲು ಬಿಡುವು ಕೊಡುವುದು ಪಾದ.

ಇನ್ನು ಪಂದ್ಯಗಳ ಚಿತ್ರ ನೋಡಿ ಮರುಳಾಗುವವರಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ದೆಹಲಿಯ ಬಳಿಯ ಬುದ್ಧ್ ಪಂದ್ಯಪಥದಲ್ಲಿ ಮೋಟೋಜಿಪಿ ಸವಾರರು ಮೊಣಕಾಲನ್ನು ನೆಲಕ್ಕೆ ಉಜ್ಜುತ್ತ ಹೊರಳಿದ್ದನ್ನು ನಾಡೆಲ್ಲ ಕಂಡಿತು. ಅವರು 60 ಡಿಗ್ರಿಗೂ ಮಿಕ್ಕಿ ವಾಲುತ್ತಾರೆ. ತಿರುವಿಗೆ ಮುನ್ನ ಬ್ರೇಕು ಹಿಡಿಯುವಾಗ ಒಳಗಾಲನ್ನು ಕಳಚಿ ಗಾಳಿಯಲ್ಲಿ ಇಳಿಬಿಡುವ ಪದ್ಧತಿಯೂ ಅಲ್ಲಿ ಉಂಟು. ಇಟಲಿಯ ವ್ಯಾಲೆಂಟಿನೊ ರೋಸಿ ಅದನ್ನು ಪ್ರಸಿದ್ಧಗೊಳಿಸಿದ. ಆದರೆ ಆ ಪಥದಲ್ಲಿ ಎದುರಿನಿಂದ ಹತ್ತಿಯ ಲಾರಿ ಬರುವುದಿಲ್ಲ. ಕುರಿಯ ಹಿಂಡು ದಾಟುವುದಿಲ್ಲ. ಅವರ ಟೈರು, ಅವರ ತೊಗಲಿನ ಉಡುಪು ಬೇರೆ. ಅದನ್ನು ಕಲಿಯಬೇಕೆಂಬ ಹಂಬಲವಿದ್ದವರಿಗೆ ಮದರಾಸಿನ ಹತ್ತಿರದ ಇರುಂಗಾಟ್ಟುಕೋಟೈಯಂಥ ಪಥಗಳಿವೆ. ಕಾಲನ್ನು ಕಳಚುವುದು ಅಲ್ಲಿಯ ವಿದ್ಯೆ. ಅಡಗಿಸುವುದು ದಾರಿಯ ವಿದ್ಯೆ.

ದೇವದುರ್ಗದ ಮರಳು

ದೇವದುರ್ಗ ಹಿಂದೆ ಬೇಡ ಪಾಳೆಯಗಾರರ ಬಲವಾದ ನೆಲೆಯಾಗಿತ್ತು. ಬಯಲಿನ ದಾರಿ ಇಲ್ಲಿ ಗುಡ್ಡಗಳ ಸಂಗಡ ಮಾತಿಗೆ ತೊಡಗುತ್ತದೆ. ಏರು, ಇಳಿತ, ಬಂಡೆಯನ್ನು ಸುತ್ತಿ ಹೋಗುವ ತಿರುವು. ತಾಲ್ಲೂಕಿನ ಬಡಗಣ ಅಂಚಿನಲ್ಲಿ ಕೃಷ್ಣೆ ಹರಿಯುತ್ತಾಳೆ. ನದಿಯ ಮರಳನ್ನು ಹೊತ್ತ ಗಾಡಿ ತಿರುವಿನಲ್ಲಿ ತುಳುಕಿದಾಗ ರಸ್ತೆಯ ಮೇಲೆ ಉದುರುವುದು ಹಿಡಿಮರಳು ಮಾತ್ರ. ಆದರೆ ಅದು ಉದುರುವ ಜಾಗ ತಿರುವಿನ ಹೊಟ್ಟೆಯೇ. ಡಾಂಬರಿನ ಮೇಲಿನ ತೆಳುಮರಳು ಗಾಲಿಯ ಕೆಳಗೆ ರಾಗಿಕಾಳಿನಂತೆ ಉರುಳುತ್ತದೆ. ಅಲ್ಲಿ ಪಾದದ ಯಾವ ಜಾಣ್ಮೆಯೂ ಹೆಚ್ಚು ವಾಲಿದವನನ್ನು ಉಳಿಸದು. ಮುಂಚಿತವಾಗಿ ವೇಗ ಇಳಿಸಿ, ಕಡಿಮೆ ವಾಲಿ, ಬ್ರೇಕು ಮುಟ್ಟದೆ ಸಾಗುವುದೊಂದೇ ದಾರಿ. ಕಾಲನ್ನು ನೆಲಕ್ಕೆ ಕೊಟ್ಟು ವಾಹನವನ್ನು ತಡೆದು ನಿಲ್ಲಿಸುವೆನೆಂಬುದು ಸೈಕಲ್ಲು ತುಳಿದ ಬಾಲ್ಯದ ಭ್ರಮೆ. ನೂರೈವತ್ತು ಕಿಲೋ ತೂಗುವ ವಾಹನ ಓಡುತ್ತಿರುವಾಗ ನೆಲಕ್ಕೆ ಕೊಟ್ಟ ಕಾಲು ಊರುಗೋಲಾಗುವುದಿಲ್ಲ, ಮುರಿಯುವ ಕಡ್ಡಿಯಾಗುತ್ತದೆ.

ಈ ದಾರಿಯಲ್ಲಿ ಸವಾರ ಒಬ್ಬನೇ ಹೋಗುವುದು ಅಪರೂಪ. ಹಿಂದೆ ತಾಯಿಯೋ ಹೆಂಡತಿಯೋ ತಂಗಿಯೋ ಎರಡೂ ಕಾಲನ್ನು ಎಡಗಡೆಗೇ ಇಳಿಬಿಟ್ಟು, ಮಡಿಲಲ್ಲಿ ಚೀಲವಿಟ್ಟುಕೊಂಡು ಕುಳಿತಿರುತ್ತಾಳೆ. ಎಡತಿರುವಿನಲ್ಲಿ ಮೊದಲು ನೆಲಕ್ಕೆ ಸಮೀಪವಾಗುವುದು ಅವಳ ಪಾದ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಹಿಂದೆ ಕೂಡುವವರಿಗಾಗಿಯೇ ಇದೆ: ಹಿಡಿಯಲು ಕೈಹಿಡಿ ಇರಬೇಕು, ಕಾಲಿಡಲು ಫುಟ್‌ರೆಸ್ಟು ಇರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಗಾಲಿಯ ಅರ್ಧಕ್ಕಾದರೂ ಮರೆ ಇರಬೇಕು. ಚೆಂದಕ್ಕೆ ಅಡ್ಡಿಯೆಂದು ಆ ಸೀರೆ ಗಾರ್ಡನ್ನು ಬಿಚ್ಚಿಸಿ ಮೂಲೆಗೆಸೆಯುವ ತರುಣರು ಕಡಿಮೆಯೇನಿಲ್ಲ. ತನ್ನ ಪಾದವನ್ನು ಒಳಗಿಡಲು ಕಲಿತವನು ಹಿಂದೆ ಕುಳಿತವಳ ಪಾದ ಎಲ್ಲಿದೆ ಎಂದು ಕೇಳಿ ಹೊರಡುವುದನ್ನೂ ಕಲಿಯಬೇಕು. ಊರು ಬಿಡುವಾಗ ಹಿರಿಯರು “ಸಾವಕಾಶ ಹೋಗಪಾ ತಮ್ಮಾ” ಎನ್ನುವುದು ಬರಿಯ ಉಪಚಾರದ ಮಾತಲ್ಲ.

ಮಾನ್ವಿಯ ಕೆಸರು

ದೇವದುರ್ಗದಿಂದ ಸಿರವಾರದ ಮೇಲೆ ಮಾನ್ವಿಗೆ ಇಳಿದಂತೆ ನೆಲದ ಬಣ್ಣ ಬದಲಾಗುತ್ತದೆ. 1953ರಲ್ಲಿ ನೀರು ತುಂಬಿಕೊಂಡ ತುಂಗಭದ್ರೆಯ ಅಣೆಕಟ್ಟಿನ ಎಡದಂಡೆ ಕಾಲುವೆ ಈ ಸೀಮೆಗೆ ಭತ್ತವನ್ನು ತಂದಿತು. ಹಸುರು ಕಣ್ಣಿಗೆ ತಂಪು; ರಸ್ತೆಗೆ ಹೊಸದೊಂದು ಪರೀಕ್ಷೆ. ಗದ್ದೆಯಿಂದ ಮೇಲೇರಿ ಬಂದ ಟ್ರ್ಯಾಕ್ಟರಿನ ಗಾಲಿ ಕೆಸರಿನ ಹೆಂಟೆಗಳನ್ನು ಡಾಂಬರಿನ ಮೇಲೆ ಉದುರಿಸುತ್ತ ಹೋಗುತ್ತದೆ. ಸುಗ್ಗಿಯಲ್ಲಿ ರಸ್ತೆಯ ಅಂಚೇ ಭತ್ತ ಒಣಗಿಸುವ ಕಣ. ತೊಗರಿಯ ಕಟ್ಟುಗಳನ್ನು ಬಸ್ಸು ಲಾರಿಗಳೇ ತುಳಿಯಲೆಂದು ಹಾಸುವುದೂ ಉಂಟು. ಎಡಕ್ಕೆ ಸಾಗುವ ನಮ್ಮ ದೇಶದಲ್ಲಿ ಎಡತಿರುವು ಬಿಗಿಯಾದದ್ದು, ಸವಾರನನ್ನು ಆ ಅಂಚಿಗೇ ತಳ್ಳುವಂಥದು. ಬಲತಿರುವಿನಲ್ಲಾದರೋ ಗಾಲಿ ತನ್ನ ಪಾಲಿನ ರಸ್ತೆಯಲ್ಲಿದ್ದರೂ ವಾಲಿದ ಸವಾರನ ತಲೆ ನಡುಗೆರೆಯಾಚೆ, ಎದುರು ಬರುವ ಲಾರಿಯ ಪಾಲಿಗೆ ಚಾಚಿರುತ್ತದೆ. ಆದುದರಿಂದ ಬಲತಿರುವಿನಲ್ಲಿ ನಡುಗೆರೆಯಿಂದ ಒಂದು ಮಾರು ದೂರವಿರುವುದು ಲೇಸು.

ಮಳೆಗಾಲದಲ್ಲಿ ಈ ನಾಡಿನಲ್ಲಿ ಒಂದು ತೊಡಕಿದೆ. ಎರೆಮಣ್ಣು ಒದ್ದೆಯಾದರೆ ಚಪ್ಪಲಿಗೆ ಅಂಟಿ ಹೆಜ್ಜೆಹೆಜ್ಜೆಗೂ ದಪ್ಪವಾಗುತ್ತದೆ. ಹೊಲ ನೋಡಿ ಬಂದವನು ಆ ಚಪ್ಪಲಿಯಲ್ಲೇ ವಾಹನವೇರುತ್ತಾನೆ. ಮಣ್ಣು ಮೆತ್ತಿದ ಅಡಿ ಫುಟ್‌ರೆಸ್ಟಿನ ಮೇಲೆ ಸಾಬೂನಿನಂತೆ ಜಾರುತ್ತದೆ. ಹೊರಪಾದದ ಒತ್ತಡವೆಲ್ಲ ವ್ಯರ್ಥ. ಹೊಲದ ಬದುವಿನ ಕಲ್ಲಿಗೆ ಅಡಿಯನ್ನು ಉಜ್ಜಿ ಹೊರಡಲು ಅರ್ಧ ನಿಮಿಷ ಬೇಕು. ಬೇಸಿಗೆಯಲ್ಲಿ, ಬಿಸಿಲು 40 ಡಿಗ್ರಿ ದಾಟಿದಾಗ, ಬೂಟು ತೊಡು ಎನ್ನುವುದು ಕಠಿಣವಾದ ಉಪದೇಶ. ಆದರೂ ಹವಾಯಿ ಚಪ್ಪಲಿ ತಿರುವಿನಲ್ಲಿ ಪಾದಕ್ಕೆ ಜೊತೆಯಾಗಿ ನಿಲ್ಲದು. ಹಿಮ್ಮಡಿಯನ್ನು ಹಿಡಿದಿಡುವ, ಕಣಕಾಲನ್ನು ಮುಚ್ಚುವ ಏನಾದರೊಂದು ಬೇಕು.

ಮಾನ್ವಿ ಜಗನ್ನಾಥದಾಸರ ಊರು. 1728ರಲ್ಲಿ ಹತ್ತಿರದ ಬ್ಯಾಗವಾಟದಲ್ಲಿ ಹುಟ್ಟಿದ ದಾಸರು ಹರಿಕಥಾಮೃತಸಾರವನ್ನು ರಚಿಸಿ ಕನ್ನಡ ನಾಡಿನ ಮನೆಮನೆಗೆ ಪರಿಚಿತರಾದರು. ಅವರಿಗಿಂತ ಹಿಂದಿನ ವಿಜಯದಾಸರ ಚೀಕಲಪರವಿಯೂ ಇದೇ ಸೀಮೆಯದು. ದಾಸರ ಬದುಕೆಂದರೆ ನಡಿಗೆ. ಕಾಲಿಗೆ ಗೆಜ್ಜೆ, ಕೈಗೆ ತಂಬೂರಿ. ನಡೆಯುವವನಿಗೆ ತಾನು ಇಟ್ಟ ಪ್ರತಿ ಹೆಜ್ಜೆಯ ಅರಿವಿರುತ್ತದೆ. ಎಂಜಿನ್ನು ಬಂದಮೇಲೆ ಮನುಷ್ಯ ನಡಿಗೆಯ ಶ್ರಮದಿಂದ ಪಾರಾದ; ಅದರೊಡನೆ ಪಾದದ ಅರಿವನ್ನೂ ಕಳೆದುಕೊಂಡ.

ಕಳೆದುಕೊಂಡದ್ದನ್ನು ಮರಳಿ ಪಡೆಯಲು ಹೆಚ್ಚು ಖರ್ಚಿಲ್ಲ. ಮನೆಯ ಮುಂದೆ ವಾಹನವನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಏರಿ ಕುಳಿತು, ಬ್ರೇಕಿನಿಂದ ಫುಟ್‌ರೆಸ್ಟಿಗೆ, ಗೇರಿನಿಂದ ಫುಟ್‌ರೆಸ್ಟಿಗೆ ಪಾದವನ್ನು ಹಿಂದಕ್ಕೆ ಸೆಳೆಯುವುದನ್ನು ದಿನಕ್ಕೆ ಇಪ್ಪತ್ತು ಸಲ ಅಭ್ಯಾಸ ಮಾಡಿದರೆ ಒಂದೆರಡು ವಾರಗಳಲ್ಲಿ ಕಾಲು ತಾನಾಗಿ ಕಲಿಯುತ್ತದೆ. ಫುಟ್‌ರೆಸ್ಟಿನ ರಬ್ಬರು ಸವೆದಿದ್ದರೆ ಹೊಸದನ್ನು ಹಾಕಿಸಬೇಕು. ಅದರ ಬೆಲೆ ಒಂದು ಸಿನಿಮಾ ಟಿಕೇಟಿನಷ್ಟೂ ಇರಲಾರದು. ಆಮೇಲೆ ಬಯಲಿನ ನೇರ ದಾರಿಯಲ್ಲೂ ಪ್ರತಿಯೊಂದು ಹಳ್ಳದ ಫಲಕ ಕಂಡಾಗ, ಕಾಲುವೆಯ ಏರಿ ಕಂಡಾಗ, ತಿರುವು ಇರಲಿ ಇಲ್ಲದಿರಲಿ, ಪಾದವನ್ನು ಒಳಗೆ ಸೆಳೆಯುವ ರೂಢಿಯಾಗಬೇಕು.

ಮಾನ್ವಿಯಿಂದ ನೀರಮಾನ್ವಿಯ ಮೇಲೆ ರಾಯಚೂರಿಗೆ ಮರಳುವ ದಾರಿಯಲ್ಲಿ ಸಂಜೆಯ ಹೊತ್ತು ನೂರಾರು ಮೋಟಾರ್ ಸೈಕಲ್ಲುಗಳು ಸಾಗುತ್ತವೆ. ಹಾಲಿನ ಕ್ಯಾನು ಕಟ್ಟಿದವನು, ಗೊಬ್ಬರದ ಚೀಲ ಹೇರಿದವನು, ಕಾಲೇಜು ಬಿಟ್ಟು ಬರುವ ಹುಡುಗ, ಹಸುಗೂಸನ್ನು ನಡುವೆ ಕೂರಿಸಿಕೊಂಡ ದಂಪತಿ. ಅವರ ಪೈಕಿ ಸ್ಪೋರ್ಟ್ಸ್ ಬೈಕಿನವರು ಕೆಲವರೇ. ತಿರುವು ಮಾತ್ರ ಎಲ್ಲರಿಗೂ ಒಂದೇ. ಕತ್ತಲಾಗುವ ಮೊದಲು ಅವರಿಗಾಗಿ ಬಾಗಿಲಲ್ಲಿ ನಿಂತು ದಾರಿ ನೋಡುವವರು ಮನೆಮನೆಯಲ್ಲೂ ಇದ್ದಾರೆ.